ತೋಟದ ಕಳೆ ತೋಟಕ್ಕೆ

ಮುಂಗಾರಿನ ಹದಮಳೆಯಾಗಿ ಎಂಟು ದಿನ ಕಳೆಯುವುದೇ ತಡ, ತಾಳ್ಯದ ನಮ್ಮ ತೋಟದಲ್ಲಿ ನೆಲವೇ ಕಾಣದಂತಾಗುತ್ತದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ, ಗೊಬ್ಬರವಿಟ್ಟವರಂತೂ ಇಲ್ಲವೇ ಇಲ್ಲ. ಆದರೂ ಅಣ್ಣೆಸೊಪ್ಪು, ತುಂಬೆ, ಉತ್ತರಾಣಿ, ಗರಿಕೆ, ಜೇಕು, ನೆಗ್ಗಿಲುಮುಳ್ಳು ಇವೆಲ್ಲ ತಮ್ಮ ತಮ್ಮ ಜಾಗವನ್ನು ಹಿಡಿದು ನಿಲ್ಲುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಂ ಬೇಲಿಯಿಂದ ಬದುವಿಗೆ, ಬದುವಿನಿಂದ ಮರದ ಬುಡಕ್ಕೆ ದಾಟಿ ಬರುತ್ತದೆ. ಕಳೆಯನ್ನು ಕೀಳಬೇಕೆಂಬುದು ಒಕ್ಕಲುತನದವರಿಗೆಲ್ಲ ತಿಳಿದ ಮಾತು. ಕಿತ್ತ ಕಳೆಯನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ನಮ್ಮಲ್ಲಿ ಹಲವರು ಆಲೋಚಿಸುವುದಿಲ್ಲ. ನಾವೂ ಬಹುಕಾಲ ಆಲೋಚಿಸಲಿಲ್ಲ. ಆ ಅವಿವೇಕಕ್ಕೆ ತೆತ್ತ ಬೆಲೆಯನ್ನು, ಆ ಬಳಿಕ ಕಲಿತ ಪಾಠವನ್ನು ಸಮಾಜಬಾಂಧವರ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ.

ತಾಳ್ಯವು ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಲೆನಾಡಿನ ಮಳೆ ನಮಗಿಲ್ಲ. ಮೂರು ವರ್ಷ ಮಳೆಯಾದರೆ ಎರಡು ವರ್ಷ ಬರ ಎಂಬುದು ಇಲ್ಲಿಯವರಿಗೆ ಹೊಸ ಸಂಗತಿಯೇನಲ್ಲ. ಹಿಂದೆ ರಾಗಿ, ಜೋಳ, ಸಾವೆಗಳನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮೆಕ್ಕೆಜೋಳವೂ ಅಡಿಕೆಯೂ ಬಂದಿವೆ. ಅಡಿಕೆಗೆ ಬೇಕಾದ ನೀರನ್ನು ಕೊಳವೆಬಾವಿ ಕೊಡಬೇಕು. ಕೊಳವೆಬಾವಿಗೆ ಬೇಕಾದ ನೀರನ್ನು ಕೊಡುವವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಇಂಥ ಸೀಮೆಯಲ್ಲಿ ನಮ್ಮ ತಂದೆಯವರು ಎರಡು ಎಕರೆ ಅಡಿಕೆ ತೋಟವನ್ನು ಕಟ್ಟಿ ನಿಲ್ಲಿಸಿದರು.

ತಂದೆಯವರು ಓದಿದ್ದು ಕೂಲಿಮಠದ ನಾಲ್ಕಕ್ಷರ. ಬೆಳಗಿನ ಲಿಂಗಪೂಜೆಯಾದ ಮೇಲೆ ಹಣೆಯ ವಿಭೂತಿ ಬೆವರಿನಲ್ಲಿ ಕರಗುವವರೆಗೂ ಅವರ ಕೈಯಲ್ಲಿ ಗುದ್ದಲಿಯೋ ಕುಡುಗೋಲೋ ಇರುತ್ತಿತ್ತು. ಅವರದೊಂದು ನೇಮವಿತ್ತು: ತೋಟದಲ್ಲಿ ಹುಟ್ಟಿದ ಒಂದು ಕಡ್ಡಿಯನ್ನೂ ಬೇಲಿಯಾಚೆಗೆ ದಾಟಿಸುತ್ತಿರಲಿಲ್ಲ. ಕಿತ್ತ ಕಳೆಯನ್ನು ಬೇರು ಮೇಲಾಗಿ ಮಗುಚಿ ಸಾಲಿನ ನಡುವೆಯೇ ಒಣಗಿಸಿ ಮರದ ಬುಡಕ್ಕೆ ಹಾಸುವರು. ಬೀಜ ಕಟ್ಟಿದ್ದನ್ನು ಮಾತ್ರ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊರುವರು. ಬಾಲ್ಯದಲ್ಲಿ ನಮಗೆ ಇದು ಜಿಪುಣತನವಾಗಿ ಕಂಡಿತ್ತು. ಕಸದಲ್ಲಿಯೂ ಲೆಕ್ಕವಿಡುವ ಮುದುಕನೆಂದು ನಾವು ಅಣ್ಣತಮ್ಮಂದಿರು ಮರೆಯಲ್ಲಿ ನಕ್ಕದ್ದೂ ಉಂಟು.

2009ರಲ್ಲಿ ತಂದೆಯವರು ಲಿಂಗೈಕ್ಯರಾದರು. ಅವರ ಇಚ್ಛೆಯಂತೆ ತೋಟದ ಈಶಾನ್ಯ ಮೂಲೆಯಲ್ಲಿ, ಅವರೇ ನೆಟ್ಟ ಬಿಲ್ವದ ಗಿಡದ ಪಕ್ಕದಲ್ಲಿ ಕ್ರಿಯಾಸಮಾಧಿಯಾಯಿತು. ನಾವು ಪರಊರಿನಲ್ಲಿ ನೌಕರಿ ಮುಗಿಸಿ, ನಿವೃತ್ತರಾಗಿ, ಸಂಸಾರಸಮೇತ ತಾಳ್ಯಕ್ಕೆ ಮರಳಿದ್ದು 2011ರಲ್ಲಿ. ನಾಲ್ಕು ದಶಕ ಕಚೇರಿಯ ಕುರ್ಚಿಯಲ್ಲಿ ಕುಳಿತವರಿಗೆ ತೋಟವೆಂದರೆ ಅಚ್ಚುಕಟ್ಟಾದ ಅಂಗಳದಂತೆ ಇರಬೇಕೆಂಬ ಕಲ್ಪನೆ. ಮರದ ಬುಡದಲ್ಲಿ ಹುಲ್ಲು ಕೊಳೆಯುತ್ತಿದ್ದರೆ ನೋಡಿದವರು ಏನೆಂದುಕೊಂಡಾರು ಎಂಬ ಸಂಕೋಚ. ಆದ್ದರಿಂದ ಕಿತ್ತ ಕಳೆ, ಉದುರಿದ ಸೋಗೆ, ಹಾಳೆ ಎಲ್ಲವನ್ನೂ ಬದುವಿಗೆ ಸಾಗಿಸಿ ಗುಡ್ಡೆ ಹಾಕಿಸುತ್ತಿದ್ದೆವು. ಬೇಸಗೆ ಬಂದೊಡನೆ ಬೆಂಕಿ ಇಡುತ್ತಿದ್ದೆವು. ಅದೇ ಸಮಯಕ್ಕೆ ಪೇಟೆಯಿಂದ ಗೊಬ್ಬರದ ಚೀಲಗಳನ್ನು ಗಾಡಿಯಲ್ಲಿ ತರಿಸುತ್ತಿದ್ದೆವು. ಒಂದು ಬಾಗಿಲಿನಿಂದ ಗೊಬ್ಬರವನ್ನು ಹೊರಗೆ ಕಳಿಸಿ, ಇನ್ನೊಂದು ಬಾಗಿಲಿನಿಂದ ದುಡ್ಡು ಕೊಟ್ಟು ಒಳಗೆ ತರಿಸುತ್ತಿದ್ದೇವೆಂಬ ಅರಿವೇ ಇರಲಿಲ್ಲ.

ತಂದೆಯವರ ಕಾಲದಿಂದಲೂ ನಮ್ಮ ತೋಟಕ್ಕೆ ಕಳೆ ಕೀಳಲು ಬರುತ್ತಿದ್ದ ಒಬ್ಬ ಅಜ್ಜಿಯಿದ್ದರು. ಒಂದು ದಿನ ಹೊಗೆಯೇಳುತ್ತಿದ್ದ ಗುಡ್ಡೆಯ ಮುಂದೆ ನಿಂತು ಆಕೆ ಹೇಳಿದರು: “ಅಲ್ರೀ ಗೌಡ್ರೆ, ಭೂಮ್ತಾಯಿ ಬಾಯಿಗೆ ಹೋಗೋ ತುತ್ತನ್ನ ಕಿತ್ಕೊಂಡು ಬೆಂಕಿಗೆ ಹಾಕ್ತೀರಲ್ಲ, ನಾಳೆ ಆಕೆ ನಿಮಗೇನು ಕೊಟ್ಟಾಳು? ದೊಡ್ಡ ಗೌಡ್ರು ಇದ್ದಿದ್ರೆ ಈ ಕೆಲ್ಸ ಮಾಡಾಕೆ ಬಿಡ್ತಿದ್ರೇನು?”

“ಬೂದಿಯೂ ಗೊಬ್ಬರವೇ ಅಲ್ಲವೇನಜ್ಜಿ?” ಎಂದು ನಾವು ವಿದ್ಯಾವಂತರ ಗತ್ತಿನಲ್ಲಿ ಉತ್ತರ ಕೊಟ್ಟೆವು. ಆಕೆ ಮರುಮಾತನಾಡದೆ ಕುಡುಗೋಲು ಎತ್ತಿಕೊಂಡು ಸಾಲಿಗೆ ಹೋದರು. ನಮ್ಮ ಮಾತು ಅರ್ಧಸತ್ಯವೆಂಬುದು ಆಮೇಲೆ ತಿಳಿಯಿತು. ಬೂದಿಯಲ್ಲಿ ಪೊಟ್ಯಾಷ್ ಉಳಿಯುವುದು ನಿಜ. ಆದರೆ ಸಸ್ಯದಲ್ಲಿದ್ದ ಸಾರಜನಕದ ಬಹುಭಾಗವೂ, ಮಣ್ಣನ್ನು ಮೆತ್ತಗೆ ಮಾಡುವ ಸಾವಯವ ಪದಾರ್ಥವೂ ಹೊಗೆಯಾಗಿ ಆಕಾಶ ಸೇರುತ್ತವೆ.

2014ರ ಫಾಲ್ಗುಣದಲ್ಲಿ ಆಗಬಾರದ್ದು ಆಯಿತು. ಒಣಗಿದ ಪಾರ್ಥೇನಿಯಂ ಗುಡ್ಡೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ನಾವೇ ಕಡ್ಡಿ ಗೀರಿದೆವು. ಗಾಳಿ ಎದ್ದಿತು. ಕಿಡಿಗಳು ಬೇಲಿಗೆ ಹಾರಿ, ಅಲ್ಲಿಂದ ಒಣಸೋಗೆಗೆ ತಗುಲಿ, ನೋಡುನೋಡುತ್ತಿದ್ದಂತೆ ಬೆಂಕಿ ಈಶಾನ್ಯದ ಮೂಲೆಯನ್ನು ಹಿಡಿಯಿತು. ಊರಿನವರು ಓಡಿ ಬಂದು ಹಸಿಸೊಪ್ಪಿನಿಂದ ಬಡಿದು, ಕೊಡಗಳಲ್ಲಿ ನೀರು ಹೊತ್ತು ಆರಿಸುವ ವೇಳೆಗೆ ಹನ್ನೊಂದು ಅಡಿಕೆ ಮರಗಳು ಸುಟ್ಟು ನಿಂತಿದ್ದವು. ತಂದೆಯವರ ಗದ್ದುಗೆಯ ಕಲ್ಲು ಮಸಿಹಿಡಿದಿತ್ತು. ಬಿಲ್ವದ ಗಿಡ ಬುಡದವರೆಗೂ ಕರಕಲಾಗಿತ್ತು.

ಅಂದು ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಮ್ಮ ಧರ್ಮಪತ್ನಿಯವರು ಒಂದೇ ಮಾತು ಹೇಳಿದರು: “ಮಾವನೋರು ಯಾವುದನ್ನ ಮಾಡಬಾರದು ಅಂತಿದ್ರೋ ಅದನ್ನೇ ಮಾಡಿ, ಅವರ ತಲೆದೆಸೆಗೇ ಬೆಂಕಿ ಇಟ್ಟಂಗಾಯ್ತು.” ಆ ಮಾತಿನಲ್ಲಿ ಕೋಪವಿರಲಿಲ್ಲ. ಆದ್ದರಿಂದಲೇ ಅದು ಹೆಚ್ಚು ನೋಯಿಸಿತು.

ನಾವು ಶರಣರ ಮಾತುಗಳನ್ನು ಕಂಠಪಾಠ ಮಾಡಿದವರು. ಆದರೆ ಶರಣರು ಕಸವೆಂದು ಕರೆದುದು ಯಾವುದನ್ನು, ನಾವು ಕಸವೆಂದು ಎಸೆಯುತ್ತಿರುವುದು ಯಾವುದನ್ನು ಎಂದು ಅಳೆದು ನೋಡಿರಲಿಲ್ಲ. ನಮ್ಮ ತಾಲ್ಲೂಕಿನ ನುಲೇನೂರಿನಲ್ಲಿ ನುಲಿಯ ಚಂದಯ್ಯನವರ ಗದ್ದುಗೆಯಿದೆ. ಕೆರೆಯಲ್ಲಿ ತಾನಾಗಿ ಬೆಳೆದ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಶೂನ್ಯಸಂಪಾದನೆಯನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಯಾರಿಗೂ ಬೇಡವಾದ ಹುಲ್ಲು ಅವರ ಕೈಯಲ್ಲಿ ದಾಸೋಹದ ಅನ್ನವಾಯಿತು. ಇನ್ನು ಆಯ್ದಕ್ಕಿ ಲಕ್ಕಮ್ಮನವರು ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವರು. ತನ್ನದಲ್ಲದ್ದನ್ನು ಹಿಂದಿರುಗಿಸುವುದೂ ಕಾಯಕದ ಒಂದು ಭಾಗವೆಂದು ಅವರು ತೋರಿಸಿಕೊಟ್ಟರು. ಮಣ್ಣಿನಿಂದ ಬಂದ ಕಳೆಯನ್ನು ಮಣ್ಣಿಗೆ ಕೊಡದೆ ಸುಟ್ಟ ನಾವು ಯಾವ ಲೆಕ್ಕದಲ್ಲಿ ಕಾಯಕಜೀವಿಗಳು?

ಪಶ್ಚಾತ್ತಾಪ ಬಂದೊಡನೆ ವಿದ್ಯೆ ಬರುವುದಿಲ್ಲವಷ್ಟೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದೆವು, ಸಿಕ್ಕ ಪುಸ್ತಕಗಳನ್ನು ಓದಿದೆವು. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಕೃಷಿವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ಹೊಲದ ಕಳೆ, ಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹಾಕಿ ಮಗುಚುತ್ತ ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದಕ್ಕೆ ಇಂದೂರು ಪದ್ಧತಿಯೆಂದೇ ಹೆಸರಾಯಿತು. ತಾನು ಈ ದೇಶದ ರೈತರಿಂದಲೇ ಕಲಿತೆನೆಂದು ಆತ ಮುಕ್ತವಾಗಿ ಒಪ್ಪಿಕೊಂಡದ್ದು ಅವರ ದೊಡ್ಡತನ. ನಮ್ಮ ನಾಡಿನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಇನ್ನೊಂದು ಕ್ರಮವನ್ನು ತಂದರು. ಗುಂಡಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ಮಗುಚದೆಯೇ ಆರೆಂಟು ತಿಂಗಳು ಬಿಡುವ ಈ ವಿಧಾನ ಬೆಂಗಳೂರು ಪದ್ಧತಿಯೆಂದು ಪ್ರಸಿದ್ಧವಾಗಿದೆ. ಇವನ್ನೆಲ್ಲ ಓದುವಾಗ, ಕೂಲಿಮಠದ ನಾಲ್ಕಕ್ಷರ ಓದಿದ ತಂದೆಯವರ ತಿಪ್ಪೆ ನಮ್ಮ ಕಣ್ಣಮುಂದೆ ಬಂದು ನಿಂತಿತು.

ಆದರೂ ಮೊದಲ ವರ್ಷ ನಾವು ಸೋತೆವು. ಸಿಕ್ಕಿದ್ದನ್ನೆಲ್ಲ ಒಂದೇ ಗುಂಡಿಗೆ ತುಂಬಿ, ನೀರು ಸುರಿದು, ಆರು ತಿಂಗಳಿಗೆ ತೆಗೆದು ತೋಟಕ್ಕೆ ಹರಡಿದೆವು. ಮುಂದಿನ ಮಳೆಗೆ ಗೊಬ್ಬರ ಬಿದ್ದ ಕಡೆಯಲ್ಲೆಲ್ಲ ಜೇಕು ಮೊಳೆತು ನಿಂತಿತು! ಅಜ್ಜಿ ಬಂದು ನೋಡಿ ಬಾಯಿತುಂಬ ನಕ್ಕರು. “ಸತ್ತದ್ದನ್ನ ಹೂಳ್ಬೇಕು ಗೌಡ್ರೆ, ಜೀವ ಇದ್ದದ್ದನ್ನ ಹೂಳಿದ್ರೆ ಎದ್ದು ಬರದೆ ಏನು ಮಾಡ್ತದೆ?” ಎಂದರು. ಪುಸ್ತಕದಲ್ಲಿ ನಾವು ಕಾಣದೆ ಹೋದ ಸೂತ್ರ ಆ ಒಂದು ಮಾತಿನಲ್ಲಿತ್ತು. ಆಕೆಯನ್ನೇ ಗುರುವೆಂದು ಭಾವಿಸಿ ಕ್ರಮವನ್ನು ತಿದ್ದಿಕೊಂಡೆವು. ತೋಟ, ಹಿತ್ತಿಲು ಉಳ್ಳ ಬಂಧುಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸುತ್ತೇವೆ.

ಕಿತ್ತ ಕಳೆಯನ್ನು ಮೊದಲು ಮೂರು ಪಾಲು ಮಾಡಬೇಕು. ಹೂವಾಗದ, ಬೀಜ ಕಟ್ಟದ ಎಳೆಯ ಕಳೆ ಮೊದಲನೆಯದು. ಅಣ್ಣೆಸೊಪ್ಪು, ತುಂಬೆ ಮುಂತಾದುವನ್ನು ಬೇರಿನ ಮಣ್ಣು ಕೊಡವಿ, ಬಿಸಿಲಿರುವ ದಿನ ಬೇರು ಮೇಲಾಗಿ ಹರಡಿದರೆ ಸಂಜೆಯೊಳಗೆ ಬಾಡುತ್ತವೆ. ಇವನ್ನು ಎಲ್ಲಿಗೂ ಹೊರಬೇಕಾಗಿಲ್ಲ. ಮರದ ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಹಾಸಿದರೆ ಸಾಕು. ಕಾಂಡಕ್ಕೆ ಒತ್ತಿ ಹಾಸಿದರೆ ತೇವ ನಿಂತು ಬುಡ ಕೊಳೆಯುವ ಭಯವುಂಟು.

ಬೀಜ ಕಟ್ಟಿದ ಕಳೆ ಎರಡನೆಯದು. ಇದು ಗುಂಡಿಗೆ ಹೋಗಬೇಕು. ನಮ್ಮ ಗುಂಡಿ ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ್ದು. ತಳದಲ್ಲಿ ಅಡಿಕೆ ಸೋಗೆಯ ಚೂರು, ಅದರ ಮೇಲೆ ಒಂದು ಗೇಣು ಹಸಿಕಳೆ, ಅದರ ಮೇಲೆ ಒಣಗಿದ ಎಲೆ ಅಥವಾ ಮೆಕ್ಕೆಜೋಳದ ದಂಟು, ಆಮೇಲೆ ಸಗಣಿಯ ಬಗ್ಗಡ, ಒಂದು ಹಿಡಿ ಬೂದಿ, ತೆಳುವಾಗಿ ಹಳೆಯ ಗೊಬ್ಬರ. ಹೀಗೆ ಪದರಗಳು ಬರಬೇಕು. ಬರಿಯ ಹಸಿಯಾದರೆ ಲೋಳೆಯಾಗಿ ನಾರುತ್ತದೆ. ಬರಿಯ ಒಣದಾದರೆ ವರ್ಷವಾದರೂ ಕೊಳೆಯದು. ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ನಾಲ್ಕಾರು ದಿನಗಳಲ್ಲಿ ಒಳಗೆ ಕಾವೇರುತ್ತದೆ. ಕಬ್ಬಿಣದ ಹಾರೆಯನ್ನು ನಡುವೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿರಬೇಕು. 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವು ಹಲವು ದಿನ ನಿಂತರೆ ಬಹುಪಾಲು ಕಳೆಬೀಜಗಳು ಸಾಯುತ್ತವೆ. ಅಂಚಿನಲ್ಲಿರುವ ಕಳೆಗೆ ಆ ಕಾವು ತಗುಲುವುದಿಲ್ಲ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ, ಹೀಗೆ ಮೂರು ಸಲ ಅಂಚಿನದನ್ನು ಒಳಕ್ಕೆ, ಒಳಗಿನದನ್ನು ಅಂಚಿಗೆ ಮಗುಚಬೇಕು. ನಮ್ಮ ಮೊದಲ ಗುಂಡಿಯಲ್ಲಿ ಆಗದೆ ಹೋದದ್ದು ಈ ಕೆಲಸವೇ.

ಜೇಕು ಮತ್ತು ಗರಿಕೆ ಮೂರನೆಯ ಪಾಲು. ಜೇಕಿನ ಗೆಡ್ಡೆಯೂ ಗರಿಕೆಯ ಬೇರುಗೆಣ್ಣೂ ಹಟಮಾರಿಗಳು. ತುಂಡಾದಷ್ಟೂ ಹೆಚ್ಚುತ್ತವೆ. ಇವನ್ನು ಬಂಡೆಯ ಮೇಲೆ ಹರಡಿ, ಮುರಿದರೆ ಚಟಚಟನೆ ಸದ್ದು ಬರುವವರೆಗೆ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ, ಕಲ್ಲು ಹೇರಿ, ಮುಚ್ಚಿಟ್ಟು ಪೂರ್ತಿ ಕೊಳೆಸಬೇಕು. ಆ ನೀರು ನಾರುತ್ತದೆಂಬುದು ನಿಜ. ಆದರೆ ಅದಕ್ಕೆ ಹತ್ತು ಪಾಲು ತಿಳಿನೀರು ಬೆರೆಸಿ ಬುಡಕ್ಕೆ ಹಾಕಿದರೆ ಗಿಡಗಳಿಗೆ ಒಳ್ಳೆಯ ಆಹಾರ.

ಪಾರ್ಥೇನಿಯಂ ವಿಷಯದಲ್ಲಿ ಎರಡು ಎಚ್ಚರಿಕೆಯ ಮಾತುಗಳು. ಅಮೆರಿಕ ಖಂಡದ ಈ ಗಿಡ 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆ ಬಳಿಕ ದೇಶವನ್ನೇ ಆವರಿಸಿತು. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆಗಳನ್ನು ಜರಡಿಯಂತೆ ತಿಂದುಹಾಕುವ ಆ ಪುಟ್ಟ ಹುಳುವನ್ನು ನಮ್ಮ ಬದುವಿನಲ್ಲಿಯೂ ಕಂಡಿದ್ದೇವೆ. ಆದರೂ ಗಿಡ ಸೋತಿಲ್ಲ. ಒಂದೊಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದ್ದರಿಂದ ಹೂ ಬಿಡುವ ಮುನ್ನವೇ ಕೀಳಬೇಕೆಂಬುದು ಮೊದಲ ಮಾತು. ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯವು ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಏರ್ಪಡಿಸುವುದುಂಟು. ಶ್ರಾವಣದ ಆಸುಪಾಸಿನ ಆ ವಾರದಲ್ಲಿ ಮನೆಮಂದಿಯೆಲ್ಲ ಒಂದು ದಿನ ಇದಕ್ಕೆ ಮೀಸಲಿಟ್ಟರೆ ಒಳಿತು. ಬರಿಗೈಯಲ್ಲಿ ಮುಟ್ಟಬಾರದೆಂಬುದು ಎರಡನೆಯ ಮಾತು. ಚರ್ಮ ಕೆಂಪಾಗಿ ತುರಿಸುತ್ತದೆ. ಕೆಲವರಿಗೆ ಉಬ್ಬಸವೂ ಬರುತ್ತದೆ. ನಮ್ಮ ಧರ್ಮಪತ್ನಿಯವರು ಒಂದು ಮಳೆಗಾಲವೆಲ್ಲ ಮೊಣಕೈವರೆಗೆ ಮುಲಾಮು ಹಚ್ಚಿಕೊಂಡು ನರಳಿದರು. ಅಂದಿನಿಂದ ಕಳೆ ಕೀಳುವ ಪ್ರತಿಯೊಬ್ಬರಿಗೂ, ಕೂಲಿಗೆ ಬರುವ ತಾಯಂದಿರಿಗೂ, ಕೈಚೀಲ ಒದಗಿಸದೆ ಕೆಲಸ ಹಚ್ಚುವುದಿಲ್ಲ. ಹೂವಾಗದ ಪಾರ್ಥೇನಿಯಂ ಗುಂಡಿಯ ಕಾವಿನಲ್ಲಿ ಬೆಂದು ಇತರ ಸೊಪ್ಪಿನಂತೆಯೇ ಗೊಬ್ಬರವಾಗುತ್ತದೆ.

ಅಡಿಕೆ ಸಿಪ್ಪೆಯ ಮಾತನ್ನೂ ಇಲ್ಲಿ ಹೇಳಬೇಕು. ಸುಗ್ಗಿಯ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳ ಇಕ್ಕೆಲಗಳಲ್ಲಿ ಸಿಪ್ಪೆಯ ರಾಶಿಗಳು ಹೊಗೆಯಾಡುವುದನ್ನು ಕಾಣದವರಾರು? ನಾರು ಗಟ್ಟಿಯಾದುದರಿಂದ ಅದು ಬೇಗ ಕೊಳೆಯುವುದಿಲ್ಲ. ಆದರೆ ಹಸಿಕಳೆಯೊಂದಿಗೆ ಪದರವಾಗಿ ಹಾಕಿ, ಸಗಣಿ ಬಗ್ಗಡ ಉಣಿಸಿದರೆ ವರ್ಷದೊಳಗೆ ಹದಕ್ಕೆ ಬರುತ್ತದೆ. ಕಳೆಗೆ ಬೇಕಾದ ಒಣಪದಾರ್ಥ ಸಿಪ್ಪೆಯಲ್ಲಿದೆ, ಸಿಪ್ಪೆಗೆ ಬೇಕಾದ ಹಸಿತನ ಕಳೆಯಲ್ಲಿದೆ. ಬೇರೆ ಬೇರೆಯಾಗಿ ಎರಡೂ ಹೊರೆ. ಕೂಡಿಸಿದರೆ ಎರಡೂ ಸಂಪತ್ತು.

ಕಳೆಯೆಲ್ಲವೂ ಗುಂಡಿಗೇ ಹೋಗಬೇಕೆಂದೂ ಇಲ್ಲ. ಅಣ್ಣೆಸೊಪ್ಪಿನ ಚಿಗುರು ಸಾರಿಗೆ ಬರುತ್ತದೆ. ಗರಿಕೆ ದನಕ್ಕೆ ಮೇವು. ತುಂಬೆ, ಉತ್ತರಾಣಿ, ನೆಲನೆಲ್ಲಿಗಳ ಗುಣವನ್ನು ಹಿರಿಯರು ಬಲ್ಲರು. ನಮ್ಮ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಯೋಗದೊಂದಿಗೆ ಆಯುರ್ವೇದವನ್ನೂ ಬೆಳೆಸಿದ್ದರಿಂದ, ಕಾಲಡಿಯ ಸೊಪ್ಪಿಗೂ ಬೆಲೆಯಿದೆಯೆಂಬ ತಿಳಿವಳಿಕೆ ಈ ಸೀಮೆಯಲ್ಲಿ ಇನ್ನೂ ಉಳಿದಿದೆ.

ಈ ಕೆಲಸದ ನಿಜವಾದ ಪರೀಕ್ಷೆ ಬಂದದ್ದು ಬರಗಾಲದಲ್ಲಿ. 2016ರಲ್ಲಿ ಮಳೆ ಕೈಕೊಟ್ಟಿತು. 2018ರಲ್ಲಿ ಮತ್ತೆ ಬರ. ಕೊಳವೆಬಾವಿ ದಿನಕ್ಕೆ ಒಂದು ಗಂಟೆಯೂ ನೀರೆತ್ತಲಿಲ್ಲ. ಸುತ್ತಲಿನ ರೈತರು ಸಾಲ ಮಾಡಿ ಟ್ಯಾಂಕರಿನಲ್ಲಿ ನೀರು ತರಿಸಿದರು. ನಾವೂ ತರಿಸಿದೆವು. ಮಗನು ಪಟ್ಟಣದಿಂದ ಬಂದು, “ಅಪ್ಪಾಜಿ, ಇದನ್ನ ಮಾರಿಬಿಡೋಣ. ನಿಮ್ಮ ಪಿಂಚಣಿಯೆಲ್ಲ ಟ್ಯಾಂಕರಿಗೆ ಹೋಗ್ತಿದೆ” ಎಂದನು. ಅವನ ಮಾತು ತಪ್ಪಾಗಿರಲಿಲ್ಲ. ಕೊಳ್ಳುವವರೂ ಬಂದು ನೋಡಿ ಹೋದರು. ತಂದೆಯವರ ಗದ್ದುಗೆಯಿರುವ ಮೂಲೆಯನ್ನು ಬಿಟ್ಟು ಉಳಿದದ್ದನ್ನು ಕೊಡುವುದೆಂದು ಮನಸ್ಸು ಅರ್ಧ ಒಪ್ಪಿಯೂ ಆಗಿತ್ತು.

ಅಂಥ ಒಂದು ಬೆಳಗ್ಗೆ ಮಗನೊಂದಿಗೆ ತೋಟ ಸುತ್ತುತ್ತಿದ್ದೆವು. ಆಳುಗಳ ಅಭಾವದಿಂದ ಕಳೆ ಹಾಸದೆ ಬಿಟ್ಟಿದ್ದ ಪಶ್ಚಿಮದ ಸಾಲುಗಳಲ್ಲಿ ನೆಲ ಬಿರಿದು, ಗರಿಗಳು ಜೋತುಬಿದ್ದಿದ್ದವು. ನಾಲ್ಕು ವರ್ಷ ತಪ್ಪದೆ ಕಳೆ ಹಾಸಿ ಗೊಬ್ಬರ ಕೊಟ್ಟಿದ್ದ ಪೂರ್ವದ ಸಾಲುಗಳಲ್ಲಿ ಹಾಸನ್ನು ಸರಿಸಿ ಬೆರಳಿಟ್ಟರೆ ಮಣ್ಣು ತಣ್ಣಗಿತ್ತು. ಎರೆಹುಳು ಹಿಕ್ಕೆ ಹಾಕಿತ್ತು. ಮಗನು ಕುಕ್ಕರುಗಾಲಿನಲ್ಲಿ ಕುಳಿತು ಆ ಮಣ್ಣನ್ನು ಹಿಡಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದನು. ಆಮೇಲೆ, “ಇನ್ನೊಂದು ಮಳೆಗಾಲ ನೋಡೋಣ ಬಿಡಿ” ಎಂದನು. ಕಳೆಯೊಂದರಿಂದಲೇ ತೋಟ ಉಳಿಯಿತೆಂದು ಹೇಳಿದರೆ ಸುಳ್ಳಾದೀತು. ಟ್ಯಾಂಕರಿನ ನೀರೂ ಬೇಕಾಯಿತು, ಪಶ್ಚಿಮದಲ್ಲಿ ಮೂವತ್ತಕ್ಕೂ ಹೆಚ್ಚು ಮರಗಳು ಹೋದವು. ಆದರೆ ಅದೇ ನೀರು ಪೂರ್ವದಲ್ಲಿ ಹೆಚ್ಚು ದಿನ ನಿಂತಿತು ಎಂಬುದು ನಾವು ಕಣ್ಣಾರೆ ಕಂಡ ಸತ್ಯ.

ಕಳೆನಾಶಕ ಹೊಡೆದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಕೂಲಿಯಾಳು ಸಿಗದ ಇಂದಿನ ದಿನಗಳಲ್ಲಿ ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಜೀವಿಗಳ ಆರೋಗ್ಯಕ್ಕೆ ಅಪಾಯವಿದೆಯೆಂಬ ಕಾರಣದಿಂದ ಕೇಂದ್ರ ಸರ್ಕಾರವೇ 2022ರ ಅಕ್ಟೋಬರಿನಲ್ಲಿ ಗ್ಲೈಫೋಸೇಟ್ ಬಳಕೆಗೆ ನಿರ್ಬಂಧದ ಆದೇಶ ಹೊರಡಿಸಿದ್ದನ್ನು ನೆನೆಯಬೇಕು. ಕಳೆಯನ್ನು ಬುಡಸಮೇತ ಇಲ್ಲವಾಗಿಸುವುದು ನಮ್ಮ ಗುರಿಯಲ್ಲ. ಅದು ಬೀಜವಾಗುವ ಮುನ್ನ ಕೊಯ್ದು ಮಣ್ಣಿಗೆ ಉಣಿಸಿದರೆ ಅದೇ ಹಸಿರೆಲೆ ಗೊಬ್ಬರ.

2022ರಲ್ಲಿ ಮಳೆ ತುಂಬಿ ಸುರಿಯಿತು. ಹಿರಿಯೂರಿನ ಮಾರಿಕಣಿವೆ, 1933ರ ಬಳಿಕ ಮೊದಲ ಬಾರಿಗೆ, ಕೋಡಿ ಬಿದ್ದಿತು. ಜಿಲ್ಲೆಯ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿ ಬಂದರು. ನಮ್ಮ ತೋಟದಲ್ಲಿಯೂ ಆ ವರ್ಷ ಕಳೆ ಎದೆಯುದ್ದ ಬೆಳೆಯಿತು. ಹಿಂದಿನ ಹಾಗೆ ಅದನ್ನು ಕಂಡು ಬೇಸರವಾಗಲಿಲ್ಲ. ಗುಂಡಿ ತುಂಬಿತೆಂದು ಸಂತೋಷವಾಯಿತು. ಆ ಅಜ್ಜಿ ಅಷ್ಟರಲ್ಲಿ ಶಿವನ ಪಾದ ಸೇರಿದ್ದರು. ಅವರ ಮಗಳು ಕುಡುಗೋಲು ಹಿಡಿದು ಬರುತ್ತಾರೆ.

ನಮ್ಮ ಪರಂಪರೆಯಲ್ಲಿ ಕಾಯವನ್ನು ಸುಡುವುದಿಲ್ಲ. ವಿಭೂತಿ, ಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುತ್ತೇವೆ. ಲಿಂಗವನ್ನು ಧರಿಸಿದ ಕಾಯವನ್ನೇ ಇಷ್ಟು ನಿಶ್ಚಿಂತೆಯಿಂದ ಮಣ್ಣಿನ ಕೈಗೆ ಕೊಡುವ ನಾವು, ಅದೇ ಮಣ್ಣಿನ ಮಕ್ಕಳಾದ ಹುಲ್ಲುಕಡ್ಡಿಗಳನ್ನು ಏಕೆ ಸುಡಬೇಕು? ಈ ಪ್ರಶ್ನೆ ನಮಗೆ ಹೊಳೆಯಲು ತಂದೆಯವರ ಗದ್ದುಗೆಯ ಕಲ್ಲು ಮಸಿಯಾಗಬೇಕಾಯಿತು. ಬಂಧುಗಳಿಗೆ ಅಷ್ಟು ದುಬಾರಿಯ ಪಾಠ ಬೇಡ. ಎರಡು ಎಕರೆಯ ತೋಟವೇ ಇರಬೇಕೆಂದಿಲ್ಲ. ಪಟ್ಟಣದ ಮನೆಯ ಹಿತ್ತಿಲಲ್ಲಿ ನಾಲ್ಕು ಹೂಗಿಡಗಳಿದ್ದರೂ ಒಂದು ಮೂಲೆಯಲ್ಲಿ ಪುಟ್ಟ ಗುಂಡಿ ತೋಡಿ, ಕಿತ್ತ ಹುಲ್ಲನ್ನೂ ಪೂಜೆಯ ಬಾಡಿದ ಪತ್ರೆ ಪುಷ್ಪಗಳನ್ನೂ ಅಲ್ಲಿಯೇ ಸೇರಿಸಬಹುದು. ಮಕ್ಕಳ ಕೈಯಿಂದಲೇ ಈ ಕೆಲಸ ಮಾಡಿಸಿದರೆ ಇನ್ನೂ ಒಳ್ಳೆಯದು.

ಕರಕಲಾಗಿದ್ದ ಬಿಲ್ವದ ಬೇರಿನಿಂದ ಮರುವರ್ಷ ಎರಡು ಚಿಗುರು ಒಡೆದವು. ಒಂದನ್ನು ಉಳಿಸಿಕೊಂಡೆವು. ಪ್ರತಿವರ್ಷ ತಂದೆಯವರ ಪುಣ್ಯಸ್ಮರಣೆಯ ದಿನ ಗುಂಡಿಯ ಮೊದಲ ಮಂಕರಿ ಗೊಬ್ಬರವನ್ನು ಆ ಗಿಡದ ಬುಡಕ್ಕೆ ಹಾಕಿ, ಆಮೇಲೆ ಉಳಿದ ಮರಗಳಿಗೆ ಹಂಚುತ್ತೇವೆ. ಕಳೆದ ಸಲ ಆ ಮಂಕರಿಯನ್ನು ಹೊತ್ತು ತಂದವನು ತೋಟ ಮಾರೋಣವೆಂದಿದ್ದ ಮಗನೇ. ಅದೇ ಬಿಲ್ವದ ಪತ್ರೆಗಳು ಈಗ ನಮ್ಮ ನಿತ್ಯದ ಪೂಜೆಗೆ ಬರುತ್ತಿವೆ.